ತೊಗರಿ ಯಾವತ್ತು ಮಾರಬೇಕು ಅಂತ ಹೇಳುವವರು ಯಾರು?

(ಕಲಬುರಗಿಯಲ್ಲಿ ರೈತ ಮಹಿಳೆಯರ ಸಭೆಯೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಅಕ್ಕಂದಿರಿಗೆ, ತಾಯಂದಿರಿಗೆ, ಹಿಂದೆ ಕೂತಿರುವ ಅಣ್ಣಂದಿರಿಗೆ ಶರಣು.

ಸಾಲ ತೀರಿದರೆ ಏನು ಸಿಗುತ್ತದೆ ಅಂತ ಯಾರನ್ನೇ ಕೇಳಿ, ನಿದ್ದೆ ಅಂತಾರೆ, ನೆಮ್ಮದಿ ಅಂತಾರೆ, ಊರಲ್ಲಿ ಮರ್ಯಾದೆ ಅಂತಾರೆ. ಎಲ್ಲಾ ಖರೆ. ಆದರೆ ತೊಗರಿ ಬೆಳೆಯುವ ಮನೆಗೆ ಇನ್ನೊಂದು ಸಿಗುತ್ತದೆ. ಅದರ ಬಗ್ಗೆ ಮಾತಾಡುವವರು ಕಡಿಮೆ. ನಮ್ಮ ಮಾಲು ಯಾವತ್ತು ಮಾರಬೇಕು ಅಂತ ನಾವೇ ಹೇಳಬಹುದು. ಸಾಲ ಇದ್ದಾಗ ಆ ಮಾತು ಸಾಲ ಕೊಟ್ಟವರದು. ನಾನು ಇವತ್ತು ಹೇಳಬೇಕು ಅಂತ ಬಂದಿದ್ದು ಇದನ್ನೇ.

ನಮ್ಮದು ಆಳಂದ ತಾಲೂಕಿನ ಒಂದು ಹಳ್ಳಿ. ಆರು ಎಕರೆ ಕಪ್ಪು ಭೂಮಿ, ಮಳೆ ನಂಬಿದ ಬೇಸಾಯ. ಒಂದು ಎಮ್ಮೆ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ಇಲ್ಲಿ ಕೂತಿರುವ ಬಹಳ ಜನರ ಮನೆಯೂ ಹೆಚ್ಚುಕಡಿಮೆ ಹೀಗೇ ಇದ್ದೀತು.

ನಮ್ಮ ಭಾಗದಲ್ಲಿ ಸಾಲ ಯಾಕೆ ಹುಟ್ಟುತ್ತದೆ ಅಂತ ಮೊದಲು ನೋಡೋಣ. ಕುಡಿತ, ಜೂಜು, ಆಡಂಬರ ಅಂತ ಹೊರಗಿನವರು ಬೇಗ ಹೇಳಿಬಿಡುತ್ತಾರೆ. ನಮ್ಮ ಮನೆಯಲ್ಲಿ ಅದ್ಯಾವುದೂ ಇರಲಿಲ್ಲ. ತೊಗರಿ ಮನೆಗೆ ರೊಕ್ಕ ಬರುವುದು ವರ್ಷಕ್ಕೆ ಒಂದು ಸಲ. ಖರ್ಚು ಮಾತ್ರ ಹನ್ನೆರಡು ತಿಂಗಳೂ. ಜೂನ್‌ನಲ್ಲಿ ಬಿತ್ತನೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ. ಅದೇ ತಿಂಗಳು ಶಾಲೆಯೂ ಶುರು. ಆಮೇಲೆ ಕಳೆ ತೆಗೆಯುವುದು, ಕುಡಿ ಚಿವುಟುವುದು. ಹೂ ಬಿಟ್ಟ ಮೇಲೆ ಕಾಯಿಕೊರಕ ಹುಳಕ್ಕೆ ಔಷಧಿ. ನಡುವೆ ಪಂಚಮಿ, ದಸರಾ, ದೀಪಾವಳಿ. ರಾಶಿ ಆಗುವುದು ಡಿಸೆಂಬರ್ ಕೊನೆಗೆ, ಇಲ್ಲಾ ಜನವರಿಗೆ. ಜೂನ್‌ನಿಂದ ಜನವರಿವರೆಗಿನ ಈ ಏಳು ತಿಂಗಳಲ್ಲಿ ಕೈ ಖಾಲಿ. ಸಾಲ ಹುಟ್ಟುವುದು ಇಲ್ಲೇ. ಇದರ ಮೇಲೆ ಒಂದು ಲಗ್ನ, ಒಂದು ಆಸ್ಪತ್ರೆ ಬಂದರೆ ಅದು ಮೂರ್ನಾಲ್ಕು ವರ್ಷ ಮನೆ ಬಿಟ್ಟು ಹೋಗುವುದಿಲ್ಲ.

ನಮಗೆ ಎರಡೂ ಬಂದವು. ನಾದಿನಿ ಲಗ್ನಕ್ಕೆ ಗಂಜ್‌ನ, ಅಂದರೆ ಕಾಳು ಮಾರುವ ದೊಡ್ಡ ಮಾರುಕಟ್ಟೆಯ, ಅಡತಿ ಅಂಗಡಿಯಿಂದ ತಂದೆವು. ನಮ್ಮ ಮಾಲು ಮಾರಿಸಿ ಕೊಡುವ ದಲಾಲರೇ ಅಡತಿಯವರು. ಮಾವನವರ ಎದೆನೋವಿಗೆ ಸೊಲ್ಲಾಪುರಕ್ಕೆ ಓಡಿದೆವು. ಆಗ ಆಳಂದ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಸೊಲ್ಲಾಪುರವೇ. ಈಗ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ. ಆ ಖರ್ಚಿಗೆ ಊರಿನ ಸಾವುಕಾರರ ಹತ್ತಿರ ಕೈಗಡ.

2017ರ ಶಿವರಾತ್ರಿ ಹೊತ್ತಿಗೆ ನಾವು ಮನೆಯವರೆಲ್ಲ ಕೂತು ಸಾಲದ ಪಟ್ಟಿ ಬರೆದೆವು. ಆ ಸಲ ತೊಗರಿ ಬೆಲೆ ನೆಲಕ್ಕೆ ಬಿದ್ದಿತ್ತು. ನಿಮಗೆ ನೆನಪಿರಬೇಕು. 2015ರ ಕೊನೆಗೆ ಬೇಳೆ ಕಿಲೋಗೆ 200 ರೂಪಾಯಿ ಹತ್ತಿರ ಹೋಗಿತ್ತು. ಅದನ್ನು ನೋಡಿ ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು. ಮಳೆಯೂ ಚೆನ್ನಾಗಿ ಆಯಿತು. ಹೊರದೇಶದ ತೊಗರಿಯೂ ಬಂತು. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ಇದ್ದರೂ ಗಂಜ್‌ನಲ್ಲಿ ಅಷ್ಟು ಸಿಗಲಿಲ್ಲ. ನಮ್ಮ 20 ಕ್ವಿಂಟಲ್ ಹೋಗಿದ್ದು 4,500ಕ್ಕೆ. ಕೈಗೆ 90,000.

ಪಟ್ಟಿ ಬರೆಯುವಾಗ ಒಂದು ವಿಷಯ ಗೊತ್ತಾಯಿತು. ಮನೆಯಲ್ಲಿ ಎಲ್ಲಾ ಸಾಲ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಅಡತಿಯದು ಮಾವನವರಿಗೆ ಗೊತ್ತು. ಕೈಗಡ ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ ಗೊತ್ತು. ಒತ್ತೆ ಇಟ್ಟ ಬಂಗಾರ ಅತ್ತೆಗೆ ಗೊತ್ತು. ವಾರ ವಾರ ಕಂತು ಕಟ್ಟುವ ಮೈಕ್ರೋ ಫೈನಾನ್ಸ್ ಸಂಘದ ಸಾಲ ನನ್ನ ಹೆಸರಲ್ಲಿ. ಅತ್ತೆಗೆ ಓದಲು ಬರುವುದಿಲ್ಲ. ಆದರೆ ಯಾವ ತಿಂಗಳು ಯಾರಿಗೆ ಎಷ್ಟು ಬಡ್ಡಿ ಹೋಯಿತು ಅಂತ ಅವರು ಹೇಳುತ್ತಾ ಹೋದರು, ನಾನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಪಟ್ಟಿ ಹೀಗಿತ್ತು. ಸೊಸೈಟಿ, ಅಂದರೆ ಸಹಕಾರಿ ಸಂಘದ ಬೆಳೆಸಾಲ 50,000. ಅಡತಿ 1,40,000, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಕೈಗಡ 60,000, ಮೂರು ರೂಪಾಯಿ ಬಡ್ಡಿ. ಬಂಗಾರದ ಮೇಲೆ 30,000, ಎರಡು ರೂಪಾಯಿ. ವಾರದ ಸಾಲ 25,000. ಕಿರಾಣಿ ಅಂಗಡಿ ಉದ್ರಿ 11,000. ಒಟ್ಟು 3,16,000.

ಈ ಒಟ್ಟು ಮೊತ್ತ ನೋಡಿ ನಮ್ಮ ಮನೆಯವರು ಎದ್ದು ಹೊರಗೆ ಹೋದರು. ನನಗೆ ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಬೇರೆ ಲೆಕ್ಕ. "ಮೂರು ರೂಪಾಯಿ ಬಡ್ಡಿ" ಅಂದರೆ ಕೇಳಲು ಸಣ್ಣದು. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ನೂರಕ್ಕೆ 36. ಕಟ್ಟದ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾ ಹೋದರೆ ಎರಡೇ ವರ್ಷಕ್ಕೆ ಸಾಲ ದುಪ್ಪಟ್ಟು. ಅಡತಿ, ಕೈಗಡ, ಬಂಗಾರ ಈ ಮೂರಕ್ಕೆ ನಾವು ವರ್ಷಕ್ಕೆ ಕಟ್ಟಬೇಕಾದ ಬಡ್ಡಿ 62,400 ಆಗುತ್ತಿತ್ತು. ಅದನ್ನು 4,500ರಿಂದ ಭಾಗಿಸಿ ನೋಡಿದೆ. ಹದಿನಾಲ್ಕು ಕ್ವಿಂಟಲ್ ಹತ್ತಿರ ಬಂತು. ನಮ್ಮ ಇಪ್ಪತ್ತು ಕ್ವಿಂಟಲ್‌ನಲ್ಲಿ ಹದಿನಾಲ್ಕು ಬರೀ ಬಡ್ಡಿಗೆ! ಆರು ಎಕರೆಯಲ್ಲಿ ನಾಲ್ಕು ಎಕರೆಗೂ ಜಾಸ್ತಿ ನಾವು ಬೇರೆಯವರಿಗಾಗಿ ಬಿತ್ತಿ, ಕಳೆ ತೆಗೆದು, ರಾಶಿ ಮಾಡುತ್ತಿದ್ದೆವು. ಬಡ್ಡಿಯನ್ನು ರೂಪಾಯಿಯಲ್ಲಿ ಎಣಿಸಬೇಡಿ ಅಕ್ಕಾ. ಕ್ವಿಂಟಲ್‌ನಲ್ಲಿ ಎಣಿಸಿ, ಎಕರೆಯಲ್ಲಿ ಎಣಿಸಿ. ಆಗ ಅದು ಮೈಗೆ ತಟ್ಟುತ್ತದೆ.

ಅವತ್ತು ಅತ್ತೆ ಒಂದು ಮಾತು ಹೇಳಿದರು. "ಬೋರಮಳ ಕೊಳ್ಳಾಗ ಇದ್ದು ಏನ್ ಮಾಡ್ಲಿ? ಮದಲ ಆ ಮೂರ್ ರೂಪಾಯಿ ಬಡ್ಡಿ ಬಂದ್ ಮಾಡ್ರಿ." ಅದು ಅವರ ತವರಿನಿಂದ ಬಂದ ಎರಡು ತೊಲದ ಬೋರಮಳ, ಬಂಗಾರದ ಗುಂಡಿನ ಸರ. ನಮ್ಮ ಮನೆಯವರು ಬೇಡ ಅಂದರು, ಮಾವನವರು ಸುಮ್ಮನೆ ಕೂತರು. ಅತ್ತೆ ಕೇಳಲಿಲ್ಲ. ಆಗ ಬಂಗಾರ ತೊಲಕ್ಕೆ 28,000 ಆಸುಪಾಸು. ಬಂದ ರೊಕ್ಕಕ್ಕೆ ಹಾಲಿನ ರೊಕ್ಕ ಸ್ವಲ್ಪ ಸೇರಿಸಿ ಕೈಗಡ ಪೂರ್ತಿ ಮುಟ್ಟಿಸಿದೆವು. ತಿಂಗಳಿಗೆ 1,800 ಬಡ್ಡಿ ನಿಂತಿತು. ಬಂಗಾರ ಮಾರುವುದು ಅಪಶಕುನ ಅಂತ ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಒತ್ತೆ ಅಂಗಡಿಯಲ್ಲಿ ವರ್ಷಗಟ್ಟಲೆ ಬಡ್ಡಿ ಕಟ್ಟಿ, ಕೊನೆಗೆ ಬಂಗಾರವನ್ನೇ ಬಿಟ್ಟುಬಿಡುವುದು ಅದಕ್ಕಿಂತ ದೊಡ್ಡ ಅಪಶಕುನ ಅಂತ ನಾನು ಹೇಳುತ್ತೇನೆ. ಅತ್ತೆ ಅವತ್ತು ಮಾಡಿದ್ದು ಇಡೀ ಮನೆಯ ದಿಕ್ಕು ತಿರುಗಿಸಿತು.

ಉಳಿದ 1,800 ಖರ್ಚಿಗೆ ಹೋಗಬಾರದು ಅಂತ ಮೊದಲೇ ಮಾತಾಗಿತ್ತು. ಅದು ನೇರವಾಗಿ ಮುಂದಿನ ಸಾಲಕ್ಕೆ. ಒತ್ತೆ ಅಂಗಡಿಯ ಬಂಗಾರ ಬಿಡಿಸಿ ಬ್ಯಾಂಕಿನಲ್ಲಿ ಇಟ್ಟೆವು. ಅಲ್ಲಿ ವರ್ಷಕ್ಕೆ ನೂರಕ್ಕೆ 24 ಇದ್ದದ್ದು ಇಲ್ಲಿ ಹತ್ತರ ಒಳಗೆ ಬಂತು. ಅದೇ ಬಂಗಾರ, ಅದೇ ಸಾಲ. ಜಾಗ ಬದಲಾಯಿಸಿದ್ದಷ್ಟೇ. ಮರುವರ್ಷ ಅದೂ ಮನೆಗೆ ಬಂತು. ಕಿರಾಣಿ ಅಂಗಡಿಯವರಿಗೆ ಬಡ್ಡಿ ಇರಲಿಲ್ಲ. ಆದರೆ ಉದ್ರಿ ಇದ್ದಾಗ ಬೆಲೆ ಕೇಳುವ ಬಾಯಿ ಇರುವುದಿಲ್ಲ ನೋಡಿ. ಅವರಿಗೆ ಹಾಲಿನ ರೊಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಕೊಟ್ಟು ಮುಗಿಸಿದೆವು.

2017ರ ಜೂನ್‌ನಲ್ಲೇ ಸರ್ಕಾರ ಸಹಕಾರಿ ಸಂಘಗಳ ಬೆಳೆಸಾಲ 50,000ದವರೆಗೆ ಮನ್ನಾ ಮಾಡಿತು. ನಮ್ಮದೂ ಆಯಿತು. ಸಂತೋಷ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಇಲ್ಲಿ ಸ್ವಲ್ಪ ವಿಚಾರ ಮಾಡಿ. ಮನ್ನಾ ಆಗಿದ್ದು ಯಾವ ಸಾಲ? ಹೊತ್ತಿಗೆ ಕಟ್ಟಿದರೆ ಬಡ್ಡಿಯೇ ಇಲ್ಲದ ಸಾಲ. ನಮ್ಮ ಹದಿನಾಲ್ಕು ಕ್ವಿಂಟಲ್ ತಿನ್ನುತ್ತಿದ್ದ ಸಾಲ ಯಾವ ಸರ್ಕಾರದ ಪಟ್ಟಿಯಲ್ಲೂ ಇರಲಿಲ್ಲ. ಮರುವರ್ಷ 2018ರಲ್ಲಿ ಮತ್ತೊಂದು ಮನ್ನಾ ಬಂತು. ಸೊಸೈಟಿ ಸಾಲ ಒಂದು ಲಕ್ಷದವರೆಗೆ, ಬ್ಯಾಂಕಿನ ಸಾಲ ಎರಡು ಲಕ್ಷದವರೆಗೆ. ಮುಂದೆಯೂ ಬರಬಹುದು ಅಂತ ಕಾಯುತ್ತಾ ಕೂತವರನ್ನು ನಾನು ನೋಡಿದ್ದೇನೆ. ಕಾಯುತ್ತಾ ಗಡುವು ಮೀರಿದರೆ ಶೂನ್ಯ ಬಡ್ಡಿ ಹೋಗುತ್ತದೆ, ಹೊಸ ಸಾಲ ಸಿಗುವುದಿಲ್ಲ, ಮತ್ತೆ ಅಡತಿ ಅಂಗಡಿಯ ಮೆಟ್ಟಿಲು. ಮನ್ನಾ ಬಂದರೆ ಬರಲಿ. ಅದನ್ನು ಲೆಕ್ಕದಲ್ಲಿ ಹಿಡಿಯಬೇಡಿ.

ಈಗ ಅಡತಿ ಸಾಲದ ಮಾತು. ಇದನ್ನು ತೀರಿಸುವುದೇ ಎಲ್ಲಕ್ಕಿಂತ ಕಷ್ಟ ಆಯಿತು. ರೊಕ್ಕ ದೊಡ್ಡದು ಅನ್ನುವುದು ಒಂದು ಕಾರಣ. ಇನ್ನೊಂದು, ಅಡತಿಯವರು ಕೆಟ್ಟವರಲ್ಲ. ನಡುರಾತ್ರಿ ಫೋನ್ ಮಾಡಿದರೂ "ಬರ್ರಿ" ಅನ್ನುವವರು ಅವರೊಬ್ಬರೇ. ಕಾಗದ ಕೇಳುವುದಿಲ್ಲ, ಸಹಿ ಕೇಳುವುದಿಲ್ಲ. ಯಾವ ಬ್ಯಾಂಕು ಹಾಗೆ ಕೊಡುತ್ತದೆ ಹೇಳಿ? ಆದರೆ ಆ ಉಪಕಾರಕ್ಕೆ ಒಂದು ಕಟ್ಟು ಇರುತ್ತದೆ. ರಾಶಿ ಆದ ಕೂಡಲೇ ಮಾಲು ಅವರ ಅಂಗಡಿಗೇ ಬರಬೇಕು. ಜನವರಿಯಲ್ಲಿ ಎಲ್ಲಾ ಕಡೆಯಿಂದ ಗಂಜ್‌ಗೆ ತೊಗರಿ ಬರುತ್ತದೆ. ಆವಕ ಜಾಸ್ತಿ, ಬೆಲೆ ಕಮ್ಮಿ. ಅವತ್ತೇ ಮಾರಬೇಕು. ಹಮಾಲಿ, ತೂಕ, ಚೀಲ ಕಳೆದು, ಬಡ್ಡಿ ಕಳೆದು, ಲೆಕ್ಕದ ಪಟ್ಟಿ ಕೈಗೆ ಕೊಡುತ್ತಾರೆ. ಕೊನೆಯ ಸಾಲಿನಲ್ಲಿ ಉಳಿದಿರುವುದು ನೋಡಿದರೆ ಜೂನ್‌ಗೆ ಸಾಕಾಗುವುದಿಲ್ಲ ಅಂತ ಆಗಲೇ ಗೊತ್ತಾಗುತ್ತದೆ. ಜೂನ್‌ನಲ್ಲಿ ಮತ್ತೆ ಅವರ ಹತ್ತಿರವೇ. ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತು.

ನಾವು ಹೋಗಿ ಜಗಳ ಮಾಡಲಿಲ್ಲ. ಮಾವನವರೂ ನಾನೂ ಹೋದೆವು. ಹೆಂಗಸು ಬಂದಿದ್ದು ನೋಡಿ ಅವರಿಗೆ ಆಶ್ಚರ್ಯ. ನಾನು ಕೇಳಿದ್ದು ಒಂದೇ. "ಅಣ್ಣಾವ್ರೇ, ಅಸಲು ಬೇರೆ, ಬಡ್ಡಿ ಬೇರೆ ಬರೆದು ತೋರಿಸ್ರಿ." ಅವರು ಕೆಂಪು ಬಟ್ಟೆಯ ಖಾತೆ ಪುಸ್ತಕ ತೆಗೆದು ಹಿಂದಿನ ವರ್ಷಗಳ ಹಾಳೆ ತಿರುವಿದರು. ನಾವು ತಂದಿದ್ದು 90,000. ಕಟ್ಟದೆ ಉಳಿದ ಬಡ್ಡಿ ಪ್ರತಿ ವರ್ಷ ಅಸಲಿಗೆ ಸೇರಿ 1,40,000 ಆಗಿತ್ತು. ಅವರು ಮುಚ್ಚಿಟ್ಟಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ ಅಷ್ಟೇ. ಅವತ್ತು ಮಾತಾಡಿ ಮೂರು ವಿಷಯ ಒಪ್ಪಿಸಿದೆವು. ಬಡ್ಡಿ ಇನ್ನು ಅಸಲಿಗೆ ಸೇರಬಾರದು. ಪ್ರತಿ ಜನವರಿ ಬಡ್ಡಿಯ ಜೊತೆ ಅಸಲೂ ಸ್ವಲ್ಪ ಕಟ್ಟುತ್ತೇವೆ. ಹೊಸ ಮುಂಗಡ ತೆಗೆದುಕೊಳ್ಳುವುದಿಲ್ಲ.

ಹೇಳುವುದು ಸುಲಭ, ಅಲ್ವಾ? ಮುಂಗಡ ಇಲ್ಲದೆ ಏಳು ತಿಂಗಳು ಹೇಗೆ? ಇಲ್ಲಿ ನಮ್ಮ ಕೈ ಹಿಡಿದಿದ್ದು ಹೆಸರುಕಾಳು. ಆರೂ ಎಕರೆ ತೊಗರಿ ಹಾಕುವ ಬದಲು ಎರಡು ಎಕರೆ ಹೆಸರು ಬಿತ್ತಿದೆವು. ಆಗಸ್ಟ್ ಕೊನೆ, ಸೆಪ್ಟೆಂಬರ್‌ಗೆ ಅದು ಕೈಗೆ ಬರುತ್ತದೆ. ಅದೇ ಹೊಲಕ್ಕೆ ಹಿಂಗಾರಿಗೆ ಜೋಳ. ಮನೆಗೆ ವರ್ಷದ ರೊಟ್ಟಿ, ಎಮ್ಮೆಗೆ ಕಣಿಕೆ. ಹಾಲು ಚಹಾ ಹೋಟೆಲಿಗೆ ಉದ್ರಿ ಕೊಡುವುದು ಬಿಟ್ಟು ಡೇರಿಗೆ ಹಾಕಿದೆವು. ನಮ್ಮ ಮನೆಯವರು ಬೇರೆಯವರ ಟ್ರ್ಯಾಕ್ಟರ್ ಓಡಿಸಲು ಹೋದರು. ಬಿತ್ತನೆಗೆ ಸೊಸೈಟಿಯ ಶೂನ್ಯ ಬಡ್ಡಿ ಸಾಲ ತೆಗೆದು, ಗಡುವಿನೊಳಗೇ ಕಟ್ಟಿದೆವು. ಆ ಮೂರ್ನಾಲ್ಕು ವರ್ಷ ಲಗ್ನ, ಮುಂಜಿ, ಜವಳಕ್ಕೆ ಹೋದಾಗ ನಮ್ಮ ಮುಯ್ಯಿ ಸಣ್ಣದಿತ್ತು. ಅದನ್ನು ಆಡಿಕೊಂಡವರೂ ಇದ್ದಾರೆ. 2021ರ ಜನವರಿಯಲ್ಲಿ ಅಡತಿಯ ಖಾತೆಯಲ್ಲಿ ನಮ್ಮ ಹೆಸರಿನ ಮುಂದೆ ಬಾಕಿ ಇಲ್ಲ ಅಂತ ಆಯಿತು.

ವಾರದ ಸಾಲದ ಬಗ್ಗೆ ಅಕ್ಕಂದಿರಿಗೆ ಬೇರೆಯಾಗಿ ಹೇಳಬೇಕು, ಯಾಕೆಂದರೆ ಅದು ಹೆಚ್ಚಾಗಿ ನಮ್ಮ ಹೆಸರಲ್ಲೇ ಇರುತ್ತದೆ. ಒಂದು ಸಾಲದ ಕೊನೆಯ ಕಂತು ಮುಗಿಯುವ ಮೊದಲೇ "ಅಕ್ಕಾ, ಈ ಸಲ 50,000 ಕೊಡ್ತೀವಿ" ಅಂತ ಬರುತ್ತಾರೆ. ನಾನು ಬೇಡ ಅಂದೆ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ ತೆಗೆದು, ಕೊನೆಗೆ ಮನೆಗೆ ಬೀಗ ಹಾಕಿ ಪುಣೆಗೆ, ಬೆಂಗಳೂರಿಗೆ ದುಡಿಯಲು ಹೋದವರು ನಮ್ಮ ಓಣಿಯಲ್ಲೇ ಇದ್ದಾರೆ. ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಒಂದು ಮನೆಯ ಎಲ್ಲಾ ಸಾಲದ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಮೈಕ್ರೋ ಫೈನಾನ್ಸ್ ಸಾಲ ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ ಒಂಬತ್ತರ ಮೊದಲು, ಸಂಜೆ ಆರರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಸುಗ್ರೀವಾಜ್ಞೆ ತಂದಿತು. ನೋಂದಣಿ ಇಲ್ಲದೆ ಸಾಲ ಕೊಟ್ಟು, ಬಲವಂತದ ವಸೂಲಿ ಮಾಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮನೆ ಮುಂದೆ ಬಂದು ಕೂತು ಮಾನ ಕಳೆಯುವವರಿಗೆ ಹೆದರಿ ಜೀವ ಕಳೆದುಕೊಂಡವರ ಸುದ್ದಿ ಓದುವಾಗ ನನಗೆ ಸಂಕಟ ಆಗುತ್ತದೆ. ದಯವಿಟ್ಟು ಪೊಲೀಸ್ ಠಾಣೆಗೆ ಹೋಗಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಕೂಡಿ ಹೋಗಿ.

ಸಾಲ ತೀರಿದ ಮರುವರ್ಷವೇ ನಮಗೆ ಪರೀಕ್ಷೆ ಬಂತು. 2022ರಲ್ಲಿ ಜಿಲ್ಲೆಯ ತುಂಬಾ ತೊಗರಿಗೆ ನೆಟೆ ರೋಗ. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತು. ನಾಲ್ಕು ಎಕರೆಯಲ್ಲಿ ನಮಗೆ ಸಿಕ್ಕಿದ್ದು ಒಂಬತ್ತು ಕ್ವಿಂಟಲ್. ಹಿಂದಿನ ದಿನವಾಗಿದ್ದರೆ ಆ ಒಂಬತ್ತೂ ಅಡತಿಯ ಬಡ್ಡಿಗೆ ಹೋಗಿ, ಮೇಲೆ ಹೊಸ ಸಾಲ. ಆದರೆ ಮನೆಯಲ್ಲಿ ಜೋಳ ಇತ್ತು. ಹೆಸರಿನ ರೊಕ್ಕ ಇತ್ತು. ಬಾಗಿಲಿಗೆ ಬರುವವರು ಯಾರೂ ಇರಲಿಲ್ಲ. ಆಗ ಗಂಜ್‌ನಲ್ಲಿ ಬೆಲೆ 7,500 ಆಸುಪಾಸು. ಬೆಳೆ ಎಲ್ಲರದೂ ಹೋಗಿದೆ, ಬೆಲೆ ಏರದೆ ಎಲ್ಲಿ ಹೋಗುತ್ತದೆ ಅಂತ ಮಾವನವರು ಹೇಳಿದರು. ಚೀಲ ಕಟ್ಟಿ ಪಡಸಾಲೆಯಲ್ಲಿ ಒಟ್ಟಿದೆವು. ಮಳೆಗಾಲ ಶುರುವಾಗುವ ಹೊತ್ತಿಗೆ ಬೆಲೆ 10,000 ದಾಟಿತು. ಆಗ ಮಾರಿದೆವು. ಒಂಬತ್ತು ಕ್ವಿಂಟಲ್‌ಗೆ 90,000 ಮೇಲೆ ಬಂತು. 2017ರಲ್ಲಿ ಇಪ್ಪತ್ತು ಕ್ವಿಂಟಲ್‌ಗೆ ಬಂದಷ್ಟೇ! ಈ ಸಲ ಅದರಲ್ಲಿ ಬಡ್ಡಿಗೆ ಅಂತ ಒಂದು ರೂಪಾಯಿ ಹೋಗಲಿಲ್ಲ.

ಹಾಗಂತ ಯಾವಾಗಲೂ ಇಟ್ಟುಕೊಂಡರೆ ಲಾಭ ಅಂತ ತಿಳಿಯಬೇಡಿ. 2025ರ ಶುರುವಿಗೆ ಬೆಲೆ ಇಳಿದು ಬೆಂಬಲ ಬೆಲೆ 7,550ರ ಆಚೀಚೆಗೆ ಬಂತು. ಏರುತ್ತದೆ ಅಂತ ಕಾದವರಿಗೆ ನಷ್ಟ ಆಯಿತು. ನಾವು ಅರ್ಧ ಜನವರಿಯಲ್ಲೇ ಮಾರುತ್ತೇವೆ, ಅರ್ಧ ಇಡುತ್ತೇವೆ. ಇಡಲು ಜಾಗ ಇಲ್ಲದವರಿಗೆ, ನಡುವೆ ರೊಕ್ಕ ಬೇಕಾದವರಿಗೆ ನೋಂದಾಯಿತ ಗೋದಾಮು ಇವೆ. ಅಲ್ಲಿ ಕೊಡುವ ರಸೀದಿ ಮೇಲೆ ಬ್ಯಾಂಕ್ ಸಾಲ ಕೊಡುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಸುಗ್ಗಿ ಆದ ಮೇಲೆ ಆರು ತಿಂಗಳವರೆಗೆ ಅದಕ್ಕೆ ಬಡ್ಡಿ ರಿಯಾಯಿತಿಯೂ ಇದೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ನೆಲದ್ದೇ ಮಾಲು ಅನ್ನುವ ಗುರುತು, ಬಂತು ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ. ಪಡಬೇಕು. ಆದರೆ ಜನವರಿಯಲ್ಲೇ ಮಾರಲೇಬೇಕಾದ ರೈತನಿಗೆ ಆ ಹೆಸರಿನಿಂದ ಏನು ಸಿಕ್ಕೀತು?

ಮತ್ತೆ ಸಾಲಕ್ಕೆ ಬೀಳದಂತೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ತೊಗರಿ ಮಾರಿದ ದಿನವೇ ಬಿತ್ತನೆಯ ರೊಕ್ಕ ಬೇರೆ ತೆಗೆದು, ಜೂನ್ ಮೊದಲ ವಾರಕ್ಕೆ ಕೈಗೆ ಬರುವ ಹಾಗೆ ಬ್ಯಾಂಕಿನಲ್ಲಿ ಠೇವಣಿ ಇಡುತ್ತೇವೆ. ನಮಗೆ ಇದೊಂದೇ ದೊಡ್ಡ ಬಲ. ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2,000 ನಾನು ಮುಟ್ಟುವುದಿಲ್ಲ, ಅಂಚೆ ಕಚೇರಿ ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ. ನೂರಕ್ಕೆ 6.7 ಬಡ್ಡಿಯಲ್ಲಿ ಐದು ವರ್ಷಕ್ಕೆ 1,20,000 ಕಟ್ಟಿದರೆ 1,42,000ಕ್ಕೂ ಜಾಸ್ತಿ ಆಗುತ್ತದೆ. ನಾದಿನಿ ಲಗ್ನಕ್ಕೆ ನಾವು ತಂದ ಸಾಲಕ್ಕಿಂತ ಅದು ದೊಡ್ಡದು. ಬೆಳೆ ವಿಮೆ ಪ್ರತಿ ವರ್ಷ ಮಾಡಿಸುತ್ತೇವೆ. ತೊಗರಿಯಂಥ ಮುಂಗಾರು ಬೆಳೆಗೆ ರೈತರ ಪಾಲು ವಿಮೆ ಮೊತ್ತದ ನೂರಕ್ಕೆ ಎರಡೇ ರೂಪಾಯಿ. ಬಿಪಿಎಲ್ ಮನೆಗೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕಾರ್ಡ್ ಮಾಡಿಸದವರು ನಾಳೆಯೇ ಮಾಡಿಸಿ. ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಓಡಾಡಬೇಡಿ.

ಮಗ ಬೈಕ್ ಬೇಕು ಅಂದ. ಶೋರೂಮಿನಲ್ಲಿ "ಬರೀ 12 ಪರ್ಸೆಂಟ್" ಅಂದರು. ಒಂದು ಲಕ್ಷಕ್ಕೆ ಮೂರು ವರ್ಷ, ತಿಂಗಳಿಗೆ 3,778. ಅಸಲು ತಿಂಗಳು ತಿಂಗಳು ಕಮ್ಮಿ ಆಗುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ಲಕ್ಷಕ್ಕೇ ಹಾಕುತ್ತಾರೆ. ನಿಜ ಬಡ್ಡಿ 21ರ ಮೇಲೆ ಆಗುತ್ತದೆ. "ಫ್ಲಾಟ್ ಬಡ್ಡಿಯೋ, ಇಳಿಯುವ ಬಡ್ಡಿಯೋ" ಅಂತ ಕೇಳುವುದನ್ನು ಮಗನೇ ಕಲಿತ. ಬೈಕ್ ಆಮೇಲೆ ಹಳೆಯದು ಒಂದು ತಂದೆವು, ರೊಕ್ಕ ಕೊಟ್ಟು.

ಜಾಮೀನು ಸಹಿ ಹಾಕುವ ವಿಷಯದಲ್ಲೂ ಗಟ್ಟಿ ಆಗಿ. ಸಾಲ ತೆಗೆದವರ ಹೊಣೆ ಎಷ್ಟೋ ಜಾಮೀನು ಹಾಕಿದವರ ಹೊಣೆಯೂ ಅಷ್ಟೇ, ಕಾನೂನು ಹಾಗೇ ಇದೆ. ನಮ್ಮ ಭಾವನವರು ಕೇಳಿದಾಗ ಇಲ್ಲ ಅಂದೆವು. ಕೆಲವು ದಿನ ಮಾತು ಬಿಟ್ಟಿದ್ದರು. ಈಗ ಎಳ್ಳಮಾಸಿಗೆ ನಮ್ಮ ಹೊಲಕ್ಕೇ ಊಟಕ್ಕೆ ಬರುತ್ತಾರೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬ ಅಕ್ಕ ಎದ್ದು ಕೇಳಿದರು: "ಅಡತಿಯವರ ಸಂಬಂಧ ಕಡಿದುಕೊಂಡರೆ ನಾಳೆ ಕಷ್ಟಕ್ಕೆ ಯಾರು?" ಕಡಿದುಕೊಂಡಿಲ್ಲ ಅಕ್ಕಾ. ಈಗಲೂ ಬಹಳ ಸಲ ಅವರ ಅಂಗಡಿಗೇ ಹಾಕುತ್ತೇವೆ. ಆದರೆ ಮೊದಲು ಪಕ್ಕದ ಎರಡು ಅಂಗಡಿಯಲ್ಲಿ ಬೆಲೆ ಕೇಳಿ ಹೋಗುತ್ತೇವೆ. ಅದು ಅವರಿಗೂ ಗೊತ್ತು. ಮಾರಿದ ರೊಕ್ಕ ಪೂರ್ತಿ ನಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.

ಇನ್ನೊಬ್ಬರು ಸಾಲ ತೀರಿಸಿದ ದಿನ ಏನು ಮಾಡಬೇಕು ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಕೊಟ್ಟಿದ್ದ ಖಾಲಿ ಚೆಕ್, ಬಾಂಡ್ ಪೇಪರ್ ಅಲ್ಲೇ ಕೂತು ವಾಪಸ್ ಇಸಿದುಕೊಳ್ಳಿ. ಖಾತೆ ಪುಸ್ತಕದಲ್ಲಿ ಬಾಕಿ ಇಲ್ಲ ಅಂತ ಬರೆಸಿ, ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬ್ಯಾಂಕಿನಲ್ಲಿ ಸಾಲ ಪೂರ್ತಿ ತೀರಿದೆ ಅನ್ನುವ ಬೇಬಾಕಿ ಪತ್ರ ಕೇಳಿ. ಆಸ್ತಿ ಪತ್ರ ಇಟ್ಟಿದ್ದರೆ ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ವಾಪಸ್ ಕೊಡಬೇಕು. ಅವರದೇ ಕಾರಣಕ್ಕೆ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. 2023ರ ಡಿಸೆಂಬರ್‌ನಿಂದ ಈ ನಿಯಮ ಇದೆ. ಪಹಣಿಯಲ್ಲಿ ಬ್ಯಾಂಕಿನ ಬೋಜಾ, ಅಂದರೆ ಜಮೀನಿನ ಮೇಲೆ ಸಾಲ ಇದೆ ಅನ್ನುವ ನಮೂದು, ಇನ್ನೂ ಇದೆಯಾ ಅಂತ ನೋಡಿ. ಇದ್ದರೆ ಬೇಬಾಕಿ ಪತ್ರ ಹಿಡಿದು ಹೋಗಿ ತೆಗೆಸಿ. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ.